ಡಿಗ್ರಿ ಮೊದಲ ವರ್ಷದಲ್ಲೇ ಲೆಕ್ಕ ಕೇಳೋದು ಕಲಿಸಿ

ಬೈರಾಪಟ್ಟಣ: ಬೈಪಾಸ್ ಬಂದ ಮೇಲೆ ವ್ಯಾಪಾರ ಬಿದ್ದೋಯ್ತು ಅಂತ ಹಳೇ ಬೆಂಗಳೂರು–ಮೈಸೂರು ರಸ್ತೆ ಬದಿಯ ಬೊಂಬೆ ಅಂಗಡಿಯವರು ಹೇಳುತ್ತಲೇ ಇದ್ದಾರೆ. ಎಷ್ಟು ಬಿತ್ತು, ಯಾವ ತಿಂಗಳಿಂದ ಬಿತ್ತು ಎಂದು ಅಧಿಕಾರಿಗಳು ತಿರುಗಿ ಕೇಳಿದರೆ ಮುಂದಿಡೋಕೆ ಲೆಕ್ಕ ಬೇಕು. ಅದನ್ನು ಬರೆಯೋರು ನಮ್ಮ ಕಾಲೇಜು ಮಕ್ಕಳೇ ಯಾಕಾಗಬಾರದು?

ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. 2024ರ ಮೇನಲ್ಲಿ ಸರ್ಕಾರ ಅದನ್ನು ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿ ಮಾಡಿತು. ಒಂದು ವರ್ಷದ ಖರ್ಚು ಉಳೀತು ಅಂತ ಮನೆಯವರಿಗೆ ಸಮಾಧಾನ, ಅದು ತಪ್ಪಲ್ಲ. ಆದರೆ ಸಂಶೋಧನೆಗೆ ಅವಕಾಶವಿದ್ದ ನಾಲ್ಕನೇ ವರ್ಷವೂ ಅದರ ಜೊತೆಗೇ ಹೋಯ್ತು. ಹಾಗಾಗಿ ಈ ಕೆಲಸ ಮೊದಲ ವರ್ಷದಲ್ಲೇ ಶುರುವಾಗಬೇಕು.

ಈಗ ಬಹಳ ಕಡೆ ಅಸೈನ್‌ಮೆಂಟ್ ಅಂದ್ರೆ ನೆಟ್‌ನಿಂದ ಇಳಿಸಿ, ಜೆರಾಕ್ಸ್ ಅಂಗಡೀಲಿ ಪ್ರಿಂಟ್ ಹಾಕಿಸಿ, ಬೈಂಡ್ ಮಾಡಿಸೋದು. 'ಚನ್ನಪಟ್ಟಣದ ಬೊಂಬೆಗಳು' ಅಂತ ಹತ್ತು ಪುಟ. ಹಾಲೆ ಮರ, ಅರಗಿನ ಬಣ್ಣ ಎಲ್ಲ ಇರುತ್ತೆ, ವಾದ ಮಾತ್ರ ಇರಲ್ಲ.

ವಾದ ಅಂದರೆ ಜಗಳ ಅಲ್ಲ. ಒಂದು ಪ್ರಶ್ನೆ, ಅದಕ್ಕೆ ತನ್ನ ಉತ್ತರ, ಉತ್ತರಕ್ಕೆ ಆಧಾರ, ಎದುರು ಮಾತಿಗೆ ಜವಾಬು. ಇಷ್ಟೇ.

ಬೈಪಾಸ್ ವಿಷಯವನ್ನೇ ತಗೊಳ್ಳಿ. ಹೊಸ ಹೆದ್ದಾರಿ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ರಂದು. ಅದರ ಹಿಂದಿನ, ಮುಂದಿನ ವರ್ಷದ ಬಿಲ್ ಬುಕ್ ಪಕ್ಕಪಕ್ಕ ಇಟ್ಟು ನೋಡಬೇಕು. 2020, 2021 ಕೊರೊನಾ ಕಾಲ, ಆ ಲೆಕ್ಕ ನಂಬಿ ಹೋಲಿಸೋ ಹಾಗಿಲ್ಲ, 2019ರದ್ದೂ ಬೇಕು. ಪೇಟೆ ಒಳಗಿನ, ಹೆದ್ದಾರಿ ಗಿರಾಕಿ ನಂಬದ ಅಂಗಡಿಯಲ್ಲೂ ವ್ಯಾಪಾರ ಬಿದ್ದಿದ್ದರೆ ಬೈಪಾಸ್ ಒಂದನ್ನೇ ದೂರೋಕೆ ಆಗಲ್ಲ. ಪ್ಲಾಸ್ಟಿಕ್ ಬೊಂಬೆ, ಆನ್‌ಲೈನ್ ವ್ಯಾಪಾರದ ಪಾಲೆಷ್ಟು ಅಂತಲೂ ನೋಡಬೇಕು. 'ಬೈಪಾಸಿಂದ ಊರೊಳಗೆ ಗಾಡಿ ಕಾಟ ತಪ್ಪಿತು' ಅನ್ನೋರ ಮಾತನ್ನೂ ಬಿಡದೆ ಬರೆಯಬೇಕು.

ನಾನು ಡಿಗ್ರಿ ಮುಗಿಸಿದವನಲ್ಲ. 'ಯಾರು ಹೇಳಿದ್ರು? ಲೆಕ್ಕ ಎಲ್ಲಿ?' ಅನ್ನೋ ಪ್ರಶ್ನೆ ಮೊದಲು ಕೇಳಿದ್ದು ಸುದ್ದಿ ಕಳಿಸೋಕೆ ಶುರು ಮಾಡಿದ ಮೇಲೆ. ಅದು ತರಗತಿಯಲ್ಲೇ ಕೇಳಬೇಕಾದ ಪ್ರಶ್ನೆ.

ಮೇಷ್ಟ್ರುಗಳ ಕಷ್ಟವೂ ಇದೆ. ಸರ್ಕಾರಿ ಕಾಲೇಜುಗಳು ನಡೀತಿರೋದೇ ಹೆಚ್ಚಾಗಿ ಅತಿಥಿ ಉಪನ್ಯಾಸಕರಿಂದ. ನೂರು ಪ್ರಬಂಧ ತಿದ್ದೋದು ಸುಲಭ ಅಲ್ಲ. ಐದು ಜನಕ್ಕೊಂದು ಗುಂಪು, ಗುಂಪಿಗೊಂದು ಪ್ರಶ್ನೆ, ನಾಲ್ಕೇ ಪುಟ ಅಂತ ಮಾಡಿದರೆ ಇಪ್ಪತ್ತಕ್ಕೆ ಇಳಿಯುತ್ತೆ. ಇಂಟರ್ನಲ್ ಅಂಕ ಪುಟಕ್ಕಲ್ಲ, ಆಧಾರಕ್ಕೆ ಸಿಗಲಿ.

ಅಂಗಡಿಯವರಿಗೂ ಒಂದು ಮಾತು. ನಾಳೆ ಹುಡುಗರು ಪುಸ್ತಕ ಹಿಡಿದು ಬಂದರೆ 'ಹೋಗ್ರಪ್ಪಾ' ಅನ್ನಬೇಡಿ. ಹೆಸರು ಹಾಕಬೇಡಿ ಅಂತ ಹೇಳಿ, ಹಳೇ ಬಿಲ್ ಬುಕ್ ತೋರಿಸಿ. ಸರ್ವಿಸ್ ರಸ್ತೆ, ಮಾರಾಟ ಮಳಿಗೆ ಅಂತ ಮುಂದೆ ನೀವು ಮನವಿ ಕೊಡೋಕೆ ಹೋದಾಗ ಆ ನಾಲ್ಕು ಪುಟ ನಿಮ್ಮ ಕೈಯಲ್ಲಿರುತ್ತೆ.