ಆಫೀಸ್ ಬ್ರೌಸರ್‌ನ ಎಕ್ಸ್‌ಟೆನ್ಷನ್: ವೈಟ್‌ಫೀಲ್ಡ್‌ನಲ್ಲಿ ಬೀಗ, ಪೀಣ್ಯದಲ್ಲಿ ಬಾಗಿಲು ಓಪನ್

2025ರ ಜುಲೈನಲ್ಲಿ ಕ್ರಿಪ್ಟೋ ಕಂಪನಿ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳುವಾಯ್ತು. ತನಿಖೆಗಿಳಿದವರು ವೈಟ್‌ಫೀಲ್ಡ್ ಸಿಇಎನ್ ಪೊಲೀಸರು. ಉದ್ಯೋಗಿಯೊಬ್ಬರ ಆಫೀಸ್ ಲ್ಯಾಪ್‌ಟಾಪ್ ಮೂಲಕ ಕಳ್ಳರು ಒಳಬಂದರು ಅನ್ನೋದು ಆರೋಪ. ಆ ಕೇಸ್‌ನಲ್ಲಿ ಹೆಸರು ಕೇಳಿಬಂದಿದ್ದು ಮಾಲ್‌ವೇರ್, ಎಕ್ಸ್‌ಟೆನ್ಷನ್ ಅಲ್ಲ. ಆದರೆ ಒಂದು ಲ್ಯಾಪ್‌ಟಾಪ್ ಸಾಕು ಅನ್ನೋ ಪಾಠ ಎರಡಕ್ಕೂ ಒಂದೇ. ಆ ಲ್ಯಾಪ್‌ಟಾಪ್‌ನಲ್ಲಿ ಯಾರೂ ಗಮನಿಸದ ಜಾಗ ಅಂದ್ರೆ ಬ್ರೌಸರ್.

ಪಿಡಿಎಫ್ ಕನ್ವರ್ಟರ್, ಸ್ಕ್ರೀನ್‌ಶಾಟ್, ಇಂಗ್ಲಿಷ್ ಗ್ರಾಮರ್, ಕನ್ನಡ ಟೈಪಿಂಗ್. ಪುಕ್ಕಟೆ ಸಿಗುತ್ತೆ, ಎರಡು ಕ್ಲಿಕ್‌ನಲ್ಲಿ ಕೂರುತ್ತೆ. 'ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಡೇಟಾ ಓದಲು, ಬದಲಿಸಲು ಅನುಮತಿ' ಅಂತ ಕೇಳಿದ್ರೆ ಓದೋರು ಯಾರು? ಒಮ್ಮೆ ಒಪ್ಪಿದರೆ ಮೇಲ್, ಬ್ಯಾಂಕ್, ಜಿಎಸ್‌ಟಿ ಪೋರ್ಟಲ್ ಎಲ್ಲವೂ ಅದರ ಕಣ್ಣೆದುರೇ. ಲಾಗಿನ್ ಆಗಿರುವ ಸೆಷನ್ ಕುಕಿ ಕದ್ದರೆ ಪಾಸ್‌ವರ್ಡ್, ಒಟಿಪಿ ಎರಡೂ ಬೇಕಾಗಲ್ಲ.

'ಒಳ್ಳೇ ಕಂಪನಿಯದ್ದನ್ನೇ ಹಾಕ್ಕೊಳ್ಳಿ' ಅನ್ನೋ ಬುದ್ಧಿಮಾತು ಇಲ್ಲಿ ಅರ್ಧ ಮಾತ್ರ ನಿಜ. ಸೈಬರ್‌ಹೇವನ್ ಅನ್ನೋದು ಕಂಪನಿಗಳ ಡೇಟಾ ಸೋರಿಕೆ ತಡೆಯೋ ಸಂಸ್ಥೆ. 2024ರ ಡಿಸೆಂಬರ್ 24ರಂದು ಅಲ್ಲಿನ ಉದ್ಯೋಗಿಯೊಬ್ಬರು ಗೂಗಲ್ ಹೆಸರಿನ ನಕಲಿ ಮೇಲ್ ನಂಬಿ ಅನುಮತಿ ಕೊಟ್ಟರು. ಕ್ರಿಸ್‌ಮಸ್ ದಿನ ಅದೇ ಸಂಸ್ಥೆಯ ಎಕ್ಸ್‌ಟೆನ್ಷನ್‌ನ ವಿಷ ತುಂಬಿದ ಅಪ್‌ಡೇಟ್ ಹೊರಬಿತ್ತು. ಅದನ್ನು ಬಳಸುತ್ತಿದ್ದವರು ಸುಮಾರು 4 ಲಕ್ಷ ಜನ. ಅಪ್‌ಡೇಟ್ ತಾನಾಗೇ ಬರೋದ್ರಿಂದ ಯಾರೂ ಏನೂ ಒತ್ತಬೇಕಿರಲಿಲ್ಲ. ದಿ ಗ್ರೇಟ್ ಸಸ್ಪೆಂಡರ್ ಕಥೆ ಇನ್ನೊಂದು ಥರ: 2020ರಲ್ಲಿ ಮಾಲೀಕರು ಬದಲಾದರು, 2021ರ ಫೆಬ್ರವರಿಯಲ್ಲಿ ಮಾಲ್‌ವೇರ್ ಅಂತ ಗೂಗಲ್ ಅದನ್ನು ತೆಗೆದುಹಾಕಿತು. ನಿನ್ನೆ ಪರೀಕ್ಷೆ ಮಾಡಿ ಒಪ್ಪಿದ್ದೇ ಇವತ್ತು ಓಡ್ತಿದೆ ಅನ್ನೋ ಗ್ಯಾರಂಟಿ ಇಲ್ಲ. ಹೊಸ ಅನುಮತಿ ಬೇಕಾದರೆ ಕ್ರೋಮ್ ಮತ್ತೆ ಕೇಳುತ್ತೆ, ನಿಜ. ಮೊದಲೇ ಎಲ್ಲ ಕೊಟ್ಟಿದ್ದರೆ ಕೇಳೋದೇನಿದೆ?

ಹಾಗಾಗಿ ನಿರ್ಧಾರ ಒಬ್ಬೊಬ್ಬ ಉದ್ಯೋಗಿಯ ತಲೆಗೆ ಬಿಡುವಂಥದ್ದಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಗಳಿಗೆ ಐಟಿ ವಿಭಾಗವೇ ಇರುತ್ತೆ. ಪೀಣ್ಯದ ಸಣ್ಣ ಯೂನಿಟ್‌ನಲ್ಲಿ ಅಕೌಂಟ್ಸ್ ನೋಡೋರೇ ಕಂಪ್ಯೂಟರ್‌ನೂ ನೋಡ್ಕೋಬೇಕು. ಆದರೆ ಎರಡೂ ಕಡೆಗೆ ಬೇಕಾದ ಸಾಧನ ಒಂದೇ, ಅದೂ ಪುಕ್ಕಟೆ. ಕ್ರೋಮ್ ಪಾಲಿಸಿಯ ಬ್ಲಾಕ್‌ಲಿಸ್ಟ್‌ನಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಎಲ್ಲ ಎಕ್ಸ್‌ಟೆನ್ಷನ್ ಬಂದ್. ಬೇಕಾದ ನಾಲ್ಕೈದನ್ನು ಅಲೋಲಿಸ್ಟ್‌ಗೆ ಸೇರಿಸಿದರಾಯ್ತು. ಕ್ರೋಮ್ ಎಂಟರ್‌ಪ್ರೈಸ್ ಕೋರ್‌ನಲ್ಲಿ ಯಾವ ಮಷೀನ್‌ನಲ್ಲಿ ಏನಿದೆ ಅಂತ ಒಂದೇ ಕಡೆ ಕಾಣುತ್ತೆ. ಒಪ್ಪಿದ ಎಕ್ಸ್‌ಟೆನ್ಷನ್ ಕೂಡ ಬ್ಯಾಂಕ್, ಪೇರೋಲ್ ಸೈಟ್ ಮುಟ್ಟದ ಹಾಗೆ ಪಾಲಿಸಿಯಲ್ಲೇ ತಡೆಯಬಹುದು. ಅಲೋಲಿಸ್ಟ್ ಮಾಡಿ ಸುಮ್ಮನಾಗುವವರು ಇದನ್ನೇ ಮರೀತಾರೆ.

ಇನ್ನೊಂದು ಕಳ್ಳದಾರಿ, ಸ್ವಂತ ಜಿಮೇಲ್. ಆಫೀಸ್ ಕ್ರೋಮ್‌ಗೆ ಅದನ್ನು ಹಾಕಿ ಸಿಂಕ್ ಆನ್ ಮಾಡಿದರೆ ಮನೆಯ ಎಕ್ಸ್‌ಟೆನ್ಷನ್‌ಗಳೂ ಜೊತೆಗೇ ಬರ್ತವೆ. ಪಾಲಿಸಿಯನ್ನು ಮಷೀನ್‌ಗೇ ಹಾಕಿದ್ದರೆ ಮಾತ್ರ ನಿಲ್ಲುತ್ತೆ.

ಬರೀ ಬೀಗ ಹಾಕಿದರೂ ಎಡವಟ್ಟೇ. ಪಿಡಿಎಫ್ ಟೂಲ್‌ಗೆ ಮನವಿ ಕೊಟ್ಟು ಮೂರು ವಾರ ಕಾಯಬೇಕಾದರೆ ಫೈಲ್ ವಾಟ್ಸಾಪ್‌ನಲ್ಲಿ ಸ್ವಂತ ಫೋನ್‌ಗೆ ಹೋಗುತ್ತೆ, ಅಲ್ಲಿ ಯಾವ ಪಾಲಿಸಿಯೂ ಇಲ್ಲ. ಒಂದೆರಡು ದಿನದಲ್ಲಿ ಹೌದು ಅಥವಾ ಇಲ್ಲ ಅನ್ನೋ ಉತ್ತರ ಸಿಗಬೇಕು.

2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟಿರಬೇಕು. ಸಣ್ಣ ಕಂಪನಿಗಳಿಗೂ ಇದು ಅನ್ವಯ. ಯಾವ ಮಷೀನ್‌ನಲ್ಲಿ ಯಾವ ಎಕ್ಸ್‌ಟೆನ್ಷನ್ ಇತ್ತು ಅನ್ನೋ ಪಟ್ಟಿಯೇ ಇಲ್ಲದಿದ್ದರೆ ಆ 6 ಗಂಟೆ ಮಷೀನ್ ಎಣಿಸೋದ್ರಲ್ಲೇ ಮುಗಿದುಹೋಗುತ್ತೆ.