ವರ್ತಕರ ಆರೋಗ್ಯಕ್ಕೂ ವಾರ್ಷಿಕ ಪರಿಶೀಲನೆ ಅಗತ್ಯ

ಮಾರ್ಚ್ ತಿಂಗಳು ಸಮೀಪಿಸಿತೆಂದರೆ ವರ್ತಕರು ದಾಸ್ತಾನು ಎಣಿಸಿ, ಲೆಕ್ಕಪತ್ರಗಳನ್ನು ಸರಿಪಡಿಸಿ, ಬಾಕಿಗಳನ್ನು ಗುರುತಿಸುತ್ತಾರೆ. ಆದರೆ ಈ ವ್ಯವಹಾರಕ್ಕೆಲ್ಲ ಆಧಾರವಾದ ಸ್ವಂತ ಶರೀರದ ಲೆಕ್ಕ ನೋಡುವವರು ವಿರಳ. ಕೊಳ್ಳೇಗಾಲದ ರೇಷ್ಮೆ ನೇಯ್ಗೆ ಘಟಕವಾಗಲಿ, ಹನೂರಿನ ದಿನಸಿ ಅಂಗಡಿಯಾಗಲಿ, ಯಳಂದೂರಿನ ಗಿರಣಿಯಾಗಲಿ, ಸಣ್ಣ ಉದ್ಯಮವು ಸಾಮಾನ್ಯವಾಗಿ ಒಬ್ಬ ಮಾಲೀಕನ ದುಡಿಮೆಯನ್ನೇ ನೆಚ್ಚಿಕೊಂಡಿರುತ್ತದೆ. ಆತ ಹಾಸಿಗೆ ಹಿಡಿದರೆ ಕೆಲಸ ನಿಲ್ಲುತ್ತದೆ. ಬ್ಯಾಂಕಿನ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಈ ದೃಷ್ಟಿಯಿಂದ ದೊಡ್ಡ ಕರುಳಿನ ಕ್ಯಾನ್ಸರ್ ವಿಶೇಷ ಗಮನಕ್ಕೆ ಅರ್ಹವಾಗಿದೆ. ಕರುಳಿನ ಒಳಪದರದಲ್ಲಿ ಮೂಡುವ ಪಾಲಿಪ್ ಎಂಬ ಚಿಕ್ಕ ಗಂಟುಗಳಲ್ಲಿ ಕೆಲವು ಕ್ಯಾನ್ಸರ್ ಆಗಿ ಮಾರ್ಪಡುತ್ತವೆ. ಇದಕ್ಕೆ ಸಾಮಾನ್ಯವಾಗಿ ಸುಮಾರು 10 ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಕೊಲೊನೊಸ್ಕೋಪಿ ಮೂಲಕ ಗಂಟನ್ನು ತೆಗೆದರೆ ರೋಗವನ್ನೇ ತಡೆಯಬಹುದು. ಅಮೆರಿಕದ ಅಂಕಿಅಂಶಗಳಂತೆ, ರೋಗವು ಕರುಳಿಗಷ್ಟೇ ಸೀಮಿತವಾಗಿದ್ದಾಗ ಪತ್ತೆಯಾದವರಲ್ಲಿ ಶೇ. 90ರಷ್ಟು ಮಂದಿ 5 ವರ್ಷಗಳ ನಂತರವೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಪತ್ತೆಯಾದರೆ ಈ ಪ್ರಮಾಣ ಶೇ. 20ಕ್ಕಿಂತ ಕೆಳಗಿಳಿಯುತ್ತದೆ.

ವಿಳಂಬಕ್ಕೆ ಸಂಕೋಚವೂ ಒಂದು ಕಾರಣ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಭಾವಿಸಿ ಮನೆಮದ್ದಿಗೆ ಮೊರೆಹೋಗುವುದು, ಮದುವೆ ಹಂಗಾಮಿನ ವ್ಯಾಪಾರ ಮುಗಿಯಲಿ ಎಂದು ವೈದ್ಯರ ಭೇಟಿಯನ್ನು ಮುಂದೂಡುವುದು ವಿವೇಕವಲ್ಲ. ಮಲವಿಸರ್ಜನೆಯಲ್ಲಿ ಕೆಲವು ವಾರ ಮುಂದುವರಿಯುವ ವ್ಯತ್ಯಾಸ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಇವೂ ಎಚ್ಚರಿಕೆಯ ಸೂಚನೆಗಳೇ.

ರೋಗ ತಗುಲಿದ ಮಾತ್ರಕ್ಕೆ ಬದುಕು ಮುಗಿಯಿತೆಂದಲ್ಲ. ಶಸ್ತ್ರಚಿಕಿತ್ಸೆಯ ನಂತರ ಕೆಲವರು ಮಲಸಂಗ್ರಹದ ಚೀಲವನ್ನು ಹೊಟ್ಟೆಯ ಮೇಲೆ ತಾತ್ಕಾಲಿಕವಾಗಿ ಅಥವಾ ಶಾಶ್ವತವಾಗಿ ಧರಿಸಬೇಕಾಗುತ್ತದೆ. ಅದು ಉಡುಪಿನೊಳಗೆ ಮರೆಯಾಗುವುದರಿಂದ ಚೇತರಿಸಿಕೊಂಡವರು ಮತ್ತೆ ಅಂಗಡಿಯ ಗಲ್ಲಾದ ಮುಂದೆ ಕುಳಿತುಕೊಳ್ಳಬಹುದು. ಚಿಕಿತ್ಸೆಯ ತಿಂಗಳುಗಳಲ್ಲಿ ಬಾಕಿಗೆ ಕೊಂಚ ಕಾಲಾವಕಾಶ ನೀಡುವುದು ಸಹವರ್ತಕರ ಧರ್ಮ.

ಭಾರತದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ ಎಂಬ ವಾದ ನಿಜವೇ. ಸರ್ಕಾರದ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮವೂ ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ ಆದ್ಯತೆ ನೀಡಿದೆ. ಆದುದರಿಂದಲೇ ಕರುಳಿನ ವಿಷಯದಲ್ಲಿ ವ್ಯಕ್ತಿಯ ಹೊಣೆ ಹೆಚ್ಚು. ಅಮೆರಿಕದ ತಜ್ಞರ ಸಮಿತಿಯು 2021ರಲ್ಲಿ ತಪಾಸಣೆ ಆರಂಭಿಸುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ಇಲ್ಲಿಯೂ 45 ದಾಟಿದವರು ಈ ಕುರಿತು ವೈದ್ಯರನ್ನು ವಿಚಾರಿಸಬೇಕು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಈ ರೋಗ ಕಂಡಿದ್ದರೆ ಇನ್ನೂ ಮೊದಲೇ ವಿಚಾರಿಸಬೇಕು. ಮಲದಲ್ಲಿ ಅಡಗಿದ ರಕ್ತವನ್ನು ಪತ್ತೆಹಚ್ಚುವ ಪರೀಕ್ಷೆ ಸರಳವಾದುದು. ಅದರಲ್ಲಿ ರಕ್ತ ಕಂಡರೆ ಕೊಲೊನೊಸ್ಕೋಪಿ ಅಗತ್ಯ. ಲಕ್ಷಣಗಳಿರುವವರು ವಯಸ್ಸು ನೋಡದೆ ವೈದ್ಯರನ್ನು ಕಾಣಬೇಕು.

ಹೆಚ್ಚಿನ ಚಿಕಿತ್ಸೆಗೆ ಮೈಸೂರಿನ ಆಸ್ಪತ್ರೆಗಳೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಇವೆ. ಆದರೆ ಮೊದಲ ಹೆಜ್ಜೆ ಊರಿನಲ್ಲೇ ಆಗಬೇಕು. ಮೂರೂ ತಾಲ್ಲೂಕುಗಳ ವರ್ತಕ ಸಂಘಗಳು ವರ್ಷಕ್ಕೊಮ್ಮೆ ತಪಾಸಣಾ ಶಿಬಿರ ಏರ್ಪಡಿಸಿ, ಮಾಲೀಕರೊಂದಿಗೆ ಕಾರ್ಮಿಕರನ್ನೂ ಸೇರಿಸಿಕೊಳ್ಳಲಿ. ದಾಸ್ತಾನಿನಲ್ಲಿ ಆದ ನಷ್ಟವನ್ನು ಮುಂದಿನ ವರ್ಷ ತುಂಬಿಕೊಳ್ಳಬಹುದು. ಕೈಮೀರಿದ ಕಾಯಿಲೆಯಿಂದಾಗುವ ನಷ್ಟವನ್ನು ತುಂಬಲಾಗದು.