ಕೊಳದ ಹಾವಿಗೆ ಹೆಸರಿಡುವವರು ಯಾರು?

ಮಳೆಗಾಲ ಆರಂಭವಾಯಿತೆಂದರೆ ಮುಂಬಯಿಯ ಉಪನಗರಗಳಲ್ಲಿ ಹಾವುಗಳ ಸುದ್ದಿಯೂ ಆರಂಭವಾಗುತ್ತದೆ. ಬೊರಿವಲಿ, ಗೋರೆಗಾಂವ್, ಮುಲುಂಡ್, ಠಾಣೆಯ ಘೋಡ್‌ಬಂದರ್ ರಸ್ತೆ ಹೀಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತಮುತ್ತ ತಲೆಯೆತ್ತಿರುವ ಹಲವು ವಸತಿ ಸಂಕುಲಗಳಲ್ಲಿ ಈಗ ತೋಟವೂ ಇದೆ, ತಾವರೆ ಕೊಳವೂ ಇದೆ. ಆ ಕೊಳದಲ್ಲಿ ಹಾವೊಂದು ಕಾಣಿಸಿಕೊಂಡರೆ ಮುಂದೆ ನಡೆಯುವುದೆಲ್ಲ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಜನ ಸೇರುತ್ತಾರೆ. ಒಬ್ಬರು ನಾಗರ ಎನ್ನುತ್ತಾರೆ, ಇನ್ನೊಬ್ಬರು ಬರೇ ನೀರು ಹಾವು ಎನ್ನುತ್ತಾರೆ, ಮತ್ತೊಬ್ಬರು ಮೊಬೈಲ್ ಹಿಡಿದು ಕೊಳದ ಕಟ್ಟೆಯ ಮೇಲೆ ಬಾಗುತ್ತಾರೆ. ಚರ್ಚೆ ಮುಗಿಯುವ ಮೊದಲೇ ವಾಚ್‌ಮನ್‌ನ ಕೈಗೆ ಕೋಲು ಬಂದಿರುತ್ತದೆ.

'ಇದು ಯಾವ ಹಾವು?' ಎಂಬ ಪ್ರಶ್ನೆ ತಪ್ಪಲ್ಲ. ಆದರೆ ಉತ್ತರ ಹೇಳಲು ಹೊರಡುವವರು ಯಾರು, ಆ ಉತ್ತರದ ಮೇಲೆ ಅಪಾಯಕ್ಕೆ ಒಡ್ಡಿಕೊಳ್ಳುವವರು ಯಾರು ಎಂಬುದನ್ನು ಹೊರನಾಡ ಕನ್ನಡಿಗರು ಮತ್ತು ಅವರ ಸಂಘ-ಸಂಸ್ಥೆಗಳು ಸ್ವಲ್ಪ ಯೋಚಿಸಬೇಕಾಗಿದೆ. ಹೆಸರು ಹೇಳುವವರು ಬಾಲ್ಕನಿಯಲ್ಲಿ ಇರುತ್ತಾರೆ. ಬರಿಗಾಲಲ್ಲಿ ಹುಲ್ಲಿಗೆ ಇಳಿಯುವವರು ಮಾಲಿ ಮತ್ತು ವಾಚ್‌ಮನ್.

ಕೊಳದಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ನೀರು ಹಾವು. ಕೆಲವೆಡೆ ಇದನ್ನೇ ನೀರೊಳ್ಳೆ ಎನ್ನುತ್ತಾರೆ. ಮೈಮೇಲೆ ಚದುರಂಗದ ಮಣೆಯಂಥ ಚೌಕುಳಿ, ಕಣ್ಣಿನ ಕೆಳಗೊಂದು ಮತ್ತು ಹಿಂದೊಂದು ಓರೆಯಾದ ಕಪ್ಪು ಗೆರೆ, ಮುಟ್ಟಿದರೆ ಒರಟೆನಿಸುವ ಹುರುಪೆ ಇದರ ಗುರುತು. ಮೀನು, ಕಪ್ಪೆ ಇದರ ಆಹಾರ. ಸೊಳ್ಳೆ ಮರಿಗಳನ್ನು ತಿನ್ನಲೆಂದು ಕೊಳಕ್ಕೆ ಗಪ್ಪಿ ಮೀನು ಬಿಡಲಾಗುತ್ತದೆ, ಮಳೆ ಬಂದರೆ ಕಪ್ಪೆಗಳು ತಾವಾಗಿ ಬರುತ್ತವೆ, ಅವುಗಳ ಹಿಂದೆ ಈ ಹಾವೂ ಬರುತ್ತದೆ. ಇದಕ್ಕೆ ವಿಷವಿಲ್ಲ. ಆದರೆ ಸಿಟ್ಟು ಜಾಸ್ತಿ. ಕೆಣಕಿದರೆ ಕಚ್ಚುತ್ತದೆ, ಗಾಯದಿಂದ ರಕ್ತವೂ ಬರುತ್ತದೆ. ಹೆದರಿದಾಗ ಕತ್ತನ್ನು ಚಪ್ಪಟೆ ಮಾಡಿ ಮುಂಭಾಗವನ್ನು ಮೇಲೆತ್ತುವ ಅಭ್ಯಾಸವೂ ಇದಕ್ಕಿದೆ. ದೂರದಿಂದ ನೋಡಿದವರಿಗೆ ಅದೇ ಹೆಡೆಯಾಗಿ ಕಾಣುತ್ತದೆ. ವಿಷವಿಲ್ಲದ ಈ ಬಡಪಾಯಿ ನಾಗರವೆಂಬ ಹೆಸರಿನಲ್ಲಿ ಪೆಟ್ಟು ತಿನ್ನುವುದು ಹೀಗೆ.

ಹಾಗೆಂದು ಕೊಳದಲ್ಲಿದ್ದದ್ದೆಲ್ಲ ನೀರು ಹಾವು ಎಂದು ಧೈರ್ಯ ತಾಳುವುದು ಇನ್ನೂ ದೊಡ್ಡ ತಪ್ಪು. ನಾಗರ ಹಾವೂ ಚೆನ್ನಾಗಿ ಈಜಬಲ್ಲದು, ಕಪ್ಪೆ ತಿನ್ನುತ್ತದೆ, ಇಲಿಯನ್ನು ಹುಡುಕಿ ತೋಟಕ್ಕೂ ಬರುತ್ತದೆ. ಕೊಳಕು ಮಂಡಲ ಹುಲ್ಲಿನಲ್ಲಿ, ಒಣಗಿದ ಎಲೆಗಳ ನಡುವೆ ಅಲುಗದೆ ಮಲಗಿರುತ್ತದೆ. ಅದರ ಮೈಮೇಲಿನ ಸರಪಳಿಯಂಥ ಮಚ್ಚೆಗಳನ್ನು ಕಂಡು ಹೆಬ್ಬಾವಿನ ಮರಿಯೆಂದು ತಿಳಿದು ಕೈಹಾಕಿದವರು ಪ್ರಾಣಾಪಾಯ ತಂದುಕೊಂಡದ್ದುಂಟು. ಕಟ್ಟು ಹಾವಿಗೂ ಅದನ್ನೇ ಹೋಲುವ ವಿಷವಿಲ್ಲದ ಮತ್ತೊಂದು ಹಾವಿಗೂ ಇರುವ ವ್ಯತ್ಯಾಸವಂತೂ ಇನ್ನೂ ಸೂಕ್ಷ್ಮ. ಕಟ್ಟು ಹಾವಿನ ಬಿಳಿ ಪಟ್ಟೆಗಳು ಬಾಲದ ಕಡೆಗೆ ಹೋದಂತೆ ಸ್ಪಷ್ಟವಾಗುತ್ತವೆ, ಇನ್ನೊಂದರ ಪಟ್ಟೆಗಳು ಬಾಲದ ಕಡೆಗೆ ಮಾಸುತ್ತವೆ. ರಾತ್ರಿ ಟಾರ್ಚ್ ಬೆಳಕಿನಲ್ಲಿ, ಓಡುತ್ತಿರುವ ಹಾವಿನಲ್ಲಿ ಇದನ್ನು ಗುರುತಿಸುವುದು ಸಾಮಾನ್ಯರಿಂದ ಆಗುವ ಮಾತಲ್ಲ.

ಹೊರನಾಡಿನಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಕನ್ನಡಿಗ ಕೊಳಕು ಮಂಡಲ ಎನ್ನುವುದನ್ನು ಮರಾಠಿಯವರು ಘೋಣಸ್ ಎನ್ನುತ್ತಾರೆ. ಕಟ್ಟು ಹಾವು ಇಲ್ಲಿ ಮಣ್ಯಾರ್, ಕೇರೆ ಹಾವು ಧಾಮಣ್, ಗರಗಸ ಮಂಡಲ ಫುರ್ಸೆ, ನೀರು ಹಾವು ದಿವಡ್ ಅಥವಾ ವಿರೋಳಾ. ಮಾಲಿ 'ಮಣ್ಯಾರ್' ಎಂದು ಕೂಗಿ ಎಚ್ಚರಿಸಿದಾಗ ಅರ್ಥವಾಗದೆ ಹತ್ತಿರ ಹೋದರೆ ಆಗುವ ಅನಾಹುತ ಸಣ್ಣದಲ್ಲ. ಮೂವತ್ತು-ನಲವತ್ತು ವರ್ಷ ಮುಂಬಯಿಯಲ್ಲಿ ಕಳೆದು ಮರಾಠಿಯಲ್ಲಿ ಸಲೀಸಾಗಿ ವ್ಯವಹರಿಸುವವರಿಗೂ ಈ ನಾಲ್ಕೈದು ಶಬ್ದಗಳು ಗೊತ್ತಿರುವುದಿಲ್ಲ. ಇತ್ತ ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡದ ಹೆಸರುಗಳೂ ಗೊತ್ತಿಲ್ಲ. ಅವರಿಗೆ ಹಾವೆಂದರೆ ಒಂದೇ ಹಾವು.

ಹಾವನ್ನು ಗುರುತಿಸುವುದು ಎಷ್ಟು ಕಷ್ಟವೆಂಬುದಕ್ಕೆ ಕಾಳಿಂಗ ಸರ್ಪದ ಉದಾಹರಣೆ ಸಾಕು. 1836ರಲ್ಲಿ ವಿಜ್ಞಾನಿಗಳು ಅದನ್ನು ಮೊದಲು ವಿವರಿಸಿದಂದಿನಿಂದ ಸುಮಾರು 188 ವರ್ಷ ಕಾಲ ಭಾರತದಿಂದ ಫಿಲಿಪ್ಪೀನ್ಸ್‌ವರೆಗಿನ ಕಾಳಿಂಗವೆಲ್ಲ ಒಂದೇ ಜಾತಿಯದೆಂದು ನಂಬಲಾಗಿತ್ತು. ಅದು ಒಂದಲ್ಲ, ನಾಲ್ಕು ಜಾತಿ ಎಂದು ಡಾ. ಪಿ. ಗೌರಿಶಂಕರ್ ಮತ್ತು ಅವರ ಸಹ ಸಂಶೋಧಕರು 2024ರಲ್ಲಿ ಪ್ರಕಟಿಸಿದರು. ಪಶ್ಚಿಮ ಘಟ್ಟದ ಜಾತಿಗೆ ಅವರು ಇಟ್ಟ ವೈಜ್ಞಾನಿಕ ಹೆಸರಿನಲ್ಲಿ 'ಕಾಳಿಂಗ' ಎಂಬ ಕನ್ನಡದ ಶಬ್ದವೇ ಇದೆ. ಕನ್ನಡಿಗರಿಗೆ ಇದು ಹೆಮ್ಮೆಯ ಸಂಗತಿ. ಜೊತೆಗೆ ಒಂದು ಪಾಠವೂ ಹೌದು. ವಿದ್ವಾಂಸರಿಗೇ ಒಂದು ಹಾವಿನ ನಿಜವಾದ ಗುರುತು ಹತ್ತಲು ಇಷ್ಟು ಕಾಲ ಹಿಡಿದಿರುವಾಗ, ಕೊಳದ ಸುತ್ತ ನಿಂತವರು ಎರಡು ನಿಮಿಷದಲ್ಲಿ ತೀರ್ಪು ಕೊಡುವುದು ಎಷ್ಟು ಸರಿ?

ಕಚ್ಚಿದ ಹಾವು ಯಾವುದೆಂದು ತಿಳಿಯದಿದ್ದರೆ ಚಿಕಿತ್ಸೆ ಸಿಗುವುದಿಲ್ಲ ಎಂಬ ಭಯ ಬಹಳ ಮಂದಿಯಲ್ಲಿದೆ. ಹಾವನ್ನು ಕೊಂದು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡುವ ಪದ್ಧತಿ ಹುಟ್ಟಿದ್ದೂ ಈ ಭಯದಿಂದಲೇ. ಇದಕ್ಕೆ ಆಧಾರವಿಲ್ಲ. ಭಾರತದಲ್ಲಿ ಬಳಕೆಯಲ್ಲಿರುವ ಪ್ರತಿವಿಷದ ಔಷಧ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ವೈದ್ಯರು ನೋಡುವುದು ರೋಗಿಯನ್ನು. ಕಣ್ಣಿನ ರೆಪ್ಪೆ ಜೋಲುತ್ತಿದೆಯೇ, ಉಸಿರಾಟ ಕಷ್ಟವಾಗುತ್ತಿದೆಯೇ, ಕಚ್ಚಿದ ಜಾಗ ಊದಿದೆಯೇ ಎಂದು ಪರೀಕ್ಷಿಸುತ್ತಾರೆ. ಸ್ವಲ್ಪ ರಕ್ತವನ್ನು ಶುದ್ಧ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಅದು ಹೆಪ್ಪುಗಟ್ಟಿತೇ ಎಂದು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ಜಾತಿಯ ವಿಷ ಏರಿದೆ ಎಂಬ ಸೂಚನೆ ಸಿಗುತ್ತದೆ. ಸತ್ತ ಹಾವು ಹೇಳದಿದ್ದುದನ್ನು ಆ ನಳಿಕೆ ಹೇಳುತ್ತದೆ. ಇನ್ನು ಸತ್ತಿದೆಯೆಂದು ತಿಳಿದ ಹಾವು ಕೂಡ ಕಚ್ಚಬಲ್ಲದು ಎಂಬುದನ್ನು ಮರೆಯಬಾರದು.

ಕಚ್ಚಿದಾಗ ಮಾಡಬೇಕಾದದ್ದು ಸರಳ. ರೋಗಿಗೆ ಧೈರ್ಯ ಹೇಳಬೇಕು, ಓಡಾಡಲು ಬಿಡಬಾರದು. ಉಂಗುರ, ಬಳೆ, ಕಾಲ್ಗೆಜ್ಜೆ, ವಾಚು ತೆಗೆಯಬೇಕು. ಕಚ್ಚಿದ ಕೈ ಅಥವಾ ಕಾಲನ್ನು ಮೂಳೆ ಮುರಿದಾಗ ಮಾಡುವಂತೆ ಪಟ್ಟಿಯ ಆಧಾರ ಕೊಟ್ಟು ಅಲುಗದಂತೆ ಇಡಬೇಕು. ಹಗ್ಗದಿಂದ ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಯಿಂದ ವಿಷ ಹೀರುವುದು, ಮಂತ್ರ ಹಾಕಿಸಲು ಕಾಯುವುದು ಯಾವುದೂ ಸಲ್ಲದು. 108ಕ್ಕೆ ಕರೆ ಮಾಡಬೇಕು, ಇಲ್ಲವೇ ಸಿಕ್ಕಿದ ವಾಹನದಲ್ಲಿ ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಬೇಕು. ನೀರು ಹಾವೇ ಕಚ್ಚಿದ್ದು ಎಂದು ನೋಡಿದವರು ಆಣೆ ಮಾಡಿ ಹೇಳಿದರೂ ವೈದ್ಯರ ಬಳಿ ಹೋಗಲೇಬೇಕು. ಕಟ್ಟು ಹಾವು ಕಚ್ಚಿದರೆ ಆರಂಭದಲ್ಲಿ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ.

ಇದು ಸೊಸೈಟಿಯ ತೋಟಕ್ಕೆ ಮಾತ್ರ ಸೀಮಿತವಾದ ಮಾತಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅಂದರೆ ವರ್ಷಕ್ಕೆ ಸರಾಸರಿ 58,000. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ಹೊರನಾಡ ಕನ್ನಡಿಗರಲ್ಲಿ ಅನೇಕರ ತಂದೆ-ತಾಯಿ, ಅಣ್ಣ-ತಮ್ಮಂದಿರು ಇಂದಿಗೂ ಊರಿನ ಗದ್ದೆ, ತೋಟಗಳಲ್ಲಿ ದುಡಿಯುತ್ತಿದ್ದಾರೆ. ಇಲ್ಲಿ ಕಲಿತ ನಾಲ್ಕು ಮಾತು ಊರಿಗೆ ಮಾಡುವ ಫೋನಿನಲ್ಲೂ ದಾಟಿದರೆ ಒಂದು ಜೀವ ಉಳಿದೀತು. ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರ ಸರಕಾರ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕಿಳಿಸುವ ಗುರಿಯ ರಾಷ್ಟ್ರೀಯ ಕಾರ್ಯಯೋಜನೆಯನ್ನು ಪ್ರಕಟಿಸಿತು. ಸರಕಾರ ಎಚ್ಚೆತ್ತಿರುವಾಗ ಸಮಾಜವೂ ತನ್ನ ಪಾಲಿನದನ್ನು ಮಾಡಬೇಕು.

ಮಕ್ಕಳು ಆಡುವ ಜಾಗದಲ್ಲಿ ವಿಷವಿದೆಯೋ ಇಲ್ಲವೋ ಎಂದು ಕಾಯುತ್ತಾ ಕೂರಬೇಕೇ, ಹೊಡೆದು ಹಾಕಿದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಅವರ ಕಳಕಳಿ ಸಹಜವಾದದ್ದೇ. ಆದರೆ ಹಾವು ತಾನಾಗಿ ಮನುಷ್ಯನನ್ನು ಅಟ್ಟಿಸಿಕೊಂಡು ಬರುವುದಿಲ್ಲ. ತುಳಿದಾಗ, ಹಿಡಿಯಲು ಹೋದಾಗ, ಹೊಡೆಯಲು ಹೋದಾಗ ಕಚ್ಚುತ್ತದೆ. ಮಕ್ಕಳನ್ನು ದೂರ ಕರೆದೊಯ್ದು, ಒಬ್ಬರು ನಾಲ್ಕೈದು ಮೀಟರ್ ದೂರದಿಂದ ಹಾವಿನ ಮೇಲೆ ಕಣ್ಣಿಟ್ಟು, ಇನ್ನೊಬ್ಬರು ಫೋನ್ ಮಾಡುವುದು ಕೋಲು ಹಿಡಿಯುವುದಕ್ಕಿಂತ ಎಷ್ಟೋ ಸುರಕ್ಷಿತ. ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ. ತರಬೇತಿ ಪಡೆದ ಸರ್ಪಮಿತ್ರರು ಹೆಚ್ಚಿನ ಉಪನಗರಗಳಲ್ಲಿದ್ದಾರೆ. ಗುರುತು ಹಿಡಿಯುವುದು ಅವರ ಕೆಲಸ. ವಿಷದ ಹಾವಾದರೆ ಅವರು ಸಾಗಿಸಲಿ. ನೀರು ಹಾವಾದರೆ ಅದು ಅಲ್ಲೇ ಇರಲಿ, ಕೊಳವಿರುವವರೆಗೆ ಅದನ್ನು ಹಿಡಿದೊಯ್ದರೂ ಇನ್ನೊಂದು ಬರುತ್ತದೆ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ನಾಗರದಂತೆ ಈ ನೀರು ಹಾವಿಗೂ ಇದೆ. ಹಾವನ್ನು ಕೊಲ್ಲುವುದು ಅಪರಾಧ.

ಸರ್ಪಮಿತ್ರರೆಂದು ಹೇಳಿಕೊಂಡು ಹಾವನ್ನು ಕೊರಳಿಗೆ ಸುತ್ತಿ ಫೋಟೋಗೆ ನಿಲ್ಲುವವರೂ ಇದ್ದಾರೆ. ಅಂಥವರಿಂದ ದೂರವಿರುವುದೇ ಒಳಿತು. ಅರಣ್ಯ ಇಲಾಖೆಗೆ ಪರಿಚಯವಿರುವವರ ಹೆಸರು, ಫೋನ್ ನಂಬರುಗಳನ್ನು ಮೊದಲೇ ತಿಳಿದಿಟ್ಟುಕೊಳ್ಳಬೇಕು.

ಕನ್ನಡ ಸಂಘಗಳು ಇದರಲ್ಲಿ ಬಹಳಷ್ಟು ಮಾಡಬಹುದು. ವರ್ಷಕ್ಕೊಮ್ಮೆಯಾದರೂ ಆರೋಗ್ಯ ಶಿಬಿರ ಏರ್ಪಡಿಸದ ಸಂಘ ವಿರಳ. ರಕ್ತದೊತ್ತಡ, ಮಧುಮೇಹಗಳ ತಪಾಸಣೆಯ ಜೊತೆಗೆ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಟ್ಟರೆ ಹೆಚ್ಚಿನ ಖರ್ಚೇನೂ ಇಲ್ಲ. ನಾಗರಪಂಚಮಿಗಿಂತ ಒಳ್ಳೆಯ ಸಂದರ್ಭ ಬೇರಿಲ್ಲ. ಬೆಳಗ್ಗೆ ನಾಗನ ಕಲ್ಲಿಗೆ ಹಾಲೆರೆದು, ಸಂಜೆ ಕೊಳದ ಹಾವಿಗೆ ಕೋಲು ಎತ್ತುವುದು ಭಕ್ತಿಯೆನಿಸದು. ಅಂದು ಪೂಜೆಯ ಬಳಿಕ ಅರಣ್ಯ ಇಲಾಖೆಯವರನ್ನೋ ವೈದ್ಯರನ್ನೋ ಕರೆಸಿ ಮಾತನಾಡಿಸಬಹುದು. ಊರಿನ ನಾಲ್ಕು ವಿಷದ ಹಾವುಗಳ ಚಿತ್ರ, ಅವುಗಳ ಕನ್ನಡ ಮತ್ತು ಮರಾಠಿ ಹೆಸರು, 1926, 108 ಹಾಗೂ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಸಿಗುತ್ತದೆ ಎಂಬ ವಿವರ ಇರುವ ಒಂದು ಹಾಳೆ ಸಂಘದ ಸೂಚನಾ ಫಲಕದಲ್ಲಿರಲಿ. ಸದಸ್ಯರು ಅದರ ಪ್ರತಿಯನ್ನು ತಮ್ಮ ಸೊಸೈಟಿಯ ಗೇಟಿನ ಬಳಿಯೂ ಹಚ್ಚಲಿ.

ಬೇರೆ ನಗರಗಳ ಸಂಘಗಳಿಗೆ ಅನುಕೂಲ ಇನ್ನೂ ಹೆಚ್ಚು. ಪುಣೆಯವರಿಗೆ ಕಾತ್ರಜ್‌ನ ಪ್ರಾಣಿ ಸಂಗ್ರಹಾಲಯದ ಸರ್ಪೋದ್ಯಾನವಿದೆ. ಚೆನ್ನೈಯವರಿಗೆ ಗಿಂಡಿಯ ಸರ್ಪೋದ್ಯಾನವಿದೆ. ಹಾವು ಹಿಡಿಯುವುದನ್ನೇ ಕುಲಕಸುಬಾಗಿಸಿಕೊಂಡಿದ್ದ ಇರುಳರು 1978ರಲ್ಲಿ ಕಟ್ಟಿದ ಸಹಕಾರ ಸಂಘವೂ ಆ ನಗರದ ಹತ್ತಿರದಲ್ಲೇ ಇದೆ. ದೇಶದ ಪ್ರತಿವಿಷ ತಯಾರಿಕೆಗೆ ಬೇಕಾದ ವಿಷ ಮುಖ್ಯವಾಗಿ ಅಲ್ಲಿಂದಲೇ ಬರುತ್ತದೆ. ಹೈದರಾಬಾದಿನಲ್ಲಿ ಫ್ರೆಂಡ್ಸ್ ಆಫ್ ಸ್ನೇಕ್ಸ್ ಸೊಸೈಟಿ ಇದೆ. ಹಾವು ಕಡಿತಕ್ಕೆಂದೇ ಆರಂಭಿಸಲಾದ 15400 ಸಹಾಯವಾಣಿಯ ಪ್ರಾಯೋಗಿಕ ಹಂತದಲ್ಲಿ ದಿಲ್ಲಿಯೂ ಸೇರಿತ್ತು. ಸಂಘದ ವಾರ್ಷಿಕ ವಿಹಾರಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ಇಂಥ ಒಂದು ಜಾಗವೂ ಪಟ್ಟಿಯಲ್ಲಿರಬಾರದೇಕೆ?

ತೋಟದ ಮಟ್ಟಿಗೂ ಕೆಲವು ಸುಲಭದ ಕ್ರಮಗಳಿವೆ. ಕೊಳದ ಸುತ್ತ ಹುಲ್ಲು ಬೆಳೆಯಲು ಬಿಡಬಾರದು. ಕಲ್ಲುಗಳ ಸಂದುಗಳನ್ನು ಮುಚ್ಚಬೇಕು, ದಾರಿಯಲ್ಲಿ ದೀಪ ಇರಬೇಕು. ಕಸ ಕೊಳೆತರೆ ಇಲಿ ಬರುತ್ತದೆ, ಇಲಿ ಬಂದರೆ ನಾಗರ ಬರುತ್ತದೆ. ಎಲ್ಲಕ್ಕಿಂತ ಮೊದಲು ಮಾಲಿಗೆ ಮತ್ತು ರಾತ್ರಿ ಪಾಳಿಯ ವಾಚ್‌ಮನ್‌ಗೆ ಒಂದೊಂದು ಜೊತೆ ಗಂಬೂಟು, ಒಳ್ಳೆಯ ಟಾರ್ಚ್ ಕೊಡಿಸಬೇಕು. ಹಾವು ಕಂಡರೆ ಹೊಡೆಯುವುದಾಗಲಿ ಹಿಡಿಯುವುದಾಗಲಿ ಅವರ ಕೆಲಸವಲ್ಲ ಎಂದು ಸೊಸೈಟಿಯ ಕಮಿಟಿಯೇ ಅವರಿಗೆ ಸ್ಪಷ್ಟವಾಗಿ ತಿಳಿಸಬೇಕು. ಕಮಿಟಿಗಳಲ್ಲಿ ಅಧ್ಯಕ್ಷರೋ ಕಾರ್ಯದರ್ಶಿಗಳೋ ಆಗಿರುವ ಕನ್ನಡಿಗರ ಸಂಖ್ಯೆ ಸಣ್ಣದೇನಲ್ಲ. ಮುಂದಿನ ಸಭೆಯಲ್ಲಿ ಅವರು ಈ ಒಂದು ವಿಷಯವನ್ನು ಎತ್ತಿದರೆ ಸಾಕು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಗಾದೆ ಹೇಳುತ್ತದೆ. ಆ ಗಾದೆಗೆ ಇಂದು ಇನ್ನೊಂದು ಮಾತು ಸೇರಬೇಕು. ಕೋಲು ಹಿಡಿದ ಬಡವನೂ ಸಾಯಬಾರದು.